ಇಪ್ಪತ್ತೊಂದು ದಿನದ ಪಂಚಾಂಗ

"ಏನಾದ್ರೂ ಬೇಕಿದ್ರೆ ಹೇಳಿ, ಸಂಕೋಚ ಮಾಡ್ಕೋಬೇಡಿ." ಮನೆಯಲ್ಲೊಬ್ಬರಿಗೆ ಕ್ಯಾನ್ಸರಿನ ಕೀಮೋ ಶುರುವಾಯಿತು ಎಂದು ಸುದ್ದಿ ಹಬ್ಬಿದ ವಾರ ಈ ಮಾತು ಕೇಳಿ ಕೇಳಿ ಕಿವಿ ತೂತಾಗುತ್ತದೆ. ಹೇಳುವವರ ಮನಸ್ಸಿನಲ್ಲಿ ಕಪಟವೇನಿಲ್ಲ, ನಿಜವಾಗಿಯೂ ಏನಾದರೂ ಮಾಡಬೇಕು ಅಂತಲೇ ಹೇಳುತ್ತಾರೆ. ಆದರೆ ಏನು ಬೇಕು ಎನ್ನುವುದು ಆ ಮನೆಯವರಿಗೇ ಇನ್ನೂ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಮೂರನೇ ಸೈಕಲ್, ಅಂದರೆ ಕೀಮೋದ ಮೂರನೇ ಸುತ್ತು, ಬಂದಿರುತ್ತದೆ, ಫೋನುಗಳು ಕಮ್ಮಿಯಾಗಿರುತ್ತವೆ, ಆಗ ತಾವಾಗಿ ಫೋನ್ ಮಾಡಿ "ನಾಳೆ ಸ್ವಲ್ಪ ಬರ್ತೀರಾ" ಎಂದು ಕೇಳುವುದು ಸಾಲ ಕೇಳಿದ ಹಾಗೆ ಆಗಿಬಿಟ್ಟಿರುತ್ತದೆ.

ಜನ ಇದ್ದಾರೆ, ಮನಸ್ಸೂ ಇದೆ, ಬರುವ ದಿನ ಮಾತ್ರ ತಪ್ಪುತ್ತದೆ. ಕೀಮೋಗೆ ಅದರದೇ ಒಂದು ತಿಥಿ ನಕ್ಷತ್ರ ಇದೆ. ಯಾವ ದಿನ ವಾಂತಿ, ಯಾವ ದಿನ ಸುಸ್ತು, ಯಾವ ದಿನ ಜ್ವರದ ಭಯ, ಯಾವ ದಿನ ಎದ್ದು ಕೂತು ಮಸಾಲೆದೋಸೆ ಬೇಕು ಅನ್ನುತ್ತಾರೆ ಎನ್ನುವುದನ್ನು ಮುಂಚೆಯೇ ಬಹುಮಟ್ಟಿಗೆ ಹೇಳಬಹುದು. ನೆಂಟರಿಷ್ಟರ ಸಹಾಯ ಈ ಲೆಕ್ಕಕ್ಕೆ ಹೊಂದದೆ ಭಾನುವಾರದ ಲೆಕ್ಕದಲ್ಲಿ ಬರುತ್ತದೆ.

ಒಂದು ಉದಾಹರಣೆ ಹಿಡಿದುಕೊಂಡೇ ಮಾತಾಡುವುದು ಒಳ್ಳೆಯದು, ಏಕೆಂದರೆ ಔಷಧಿ ಬದಲಾದರೆ ಪಂಚಾಂಗವೂ ಬದಲಾಗುತ್ತದೆ. ಸ್ತನ ಕ್ಯಾನ್ಸರಿಗೆ ಬಹಳ ಕಡೆ ಕೊಡುವ ಕ್ರಮ ಹೀಗಿದೆ: ಮೊದಲು ಡಾಕ್ಸೋರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್ ಜೋಡಿ, ಅದನ್ನೇ ಎಸಿ ಅನ್ನುತ್ತಾರೆ, 21 ದಿನಕ್ಕೊಮ್ಮೆ ನಾಲ್ಕು ಸಲ, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್, ವಾರಕ್ಕೊಮ್ಮೆ ಹನ್ನೆರಡು ಸಲ. ಒಟ್ಟು 16 ಸಲ ಡೇ ಕೇರ್ (ಕೀಮೋ ಹಾಕಿಸಿಕೊಂಡು ಅವತ್ತೇ ಮನೆಗೆ ಬರುವ ವಾರ್ಡು) ಬಾಗಿಲು ತುಳಿಯಬೇಕು. ಒಂದು ಸಲವೂ ಮುಂದಕ್ಕೆ ಹೋಗದಿದ್ದರೆ 24 ವಾರ. ಕೆಲವು ಡಾಕ್ಟರು ಎಸಿಯನ್ನು 14 ದಿನಕ್ಕೊಮ್ಮೆಯೂ ಕೊಡುತ್ತಾರೆ, ಆಗ ಲೆಕ್ಕ ಬೇರೆ. ಇಲ್ಲಿ 21 ದಿನದ್ದನ್ನೇ ಹಿಡಿಯೋಣ.

ಗೋಡೆಯ ಮೇಲಿನ ಲೆಕ್ಕ

ಅಡುಗೆಮನೆಯಲ್ಲಿ ನೇತಾಡುವ ಬೆಂಗಳೂರು ಪ್ರೆಸ್ ಕ್ಯಾಲೆಂಡರೇ ಇದಕ್ಕೆ ಸಾಕು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಜಾಗದಲ್ಲೇ ಇನ್ನೊಂದು ಅಂಕಿ ಸೇರಿಸಿ. ಕೀಮೋ ಡ್ರಿಪ್ ಹಾಕಿಸಿದ ದಿನ 1. ಅಲ್ಲಿಂದ 21ರವರೆಗೆ ಬರೆದುಕೊಂಡು ಹೋಗಿ. 22 ಅಂದರೆ ಮತ್ತೆ 1. ಬುಧವಾರ ಡ್ರಿಪ್ ಆದರೆ ಮೊದಲ ಭಾನುವಾರ 5ನೇ ದಿನ, ಎರಡನೆಯದು 12ನೇ ದಿನ, ಮೂರನೆಯದು 19ನೇ ದಿನ.

ಈಗ ನೋಡಿ, ನೆಂಟರು ಬರುವುದು ಭಾನುವಾರ. 5ನೇ ದಿನ ರೋಗಿಗೆ ತಲೆ ಎತ್ತಲಾಗದ ಸುಸ್ತು, ಮಾತಾಡಿಸುವವರ ಮೇಲೆ ಸಿಟ್ಟು. 12ನೇ ದಿನ ಬಿಳಿ ರಕ್ತಕಣ ಅತಿ ಕಮ್ಮಿ ಇರುವ ಹೊತ್ತು, ನೆಗಡಿ ಹಿಡಿದ ಮಗುವನ್ನು ಎತ್ತಿಕೊಂಡು ಬಂದ ಅತಿಥಿಗಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. 19ನೇ ದಿನ ರೋಗಿ ಗೆಲುವಾಗಿರುತ್ತಾರೆ, ಕೌಂಟ್ (ರಕ್ತಕಣದ ಲೆಕ್ಕ) ಏರಿರುತ್ತದೆ, ಬಾಯಿಗೆ ರುಚಿ ಹತ್ತಿರುತ್ತದೆ, ಯಾರಾದರೂ ಬಂದು ಹರಟೆ ಹೊಡೆದರೆ ಸಾಕಪ್ಪ ಅನ್ನಿಸುತ್ತಿರುತ್ತದೆ. ಅವತ್ತು ಯಾರೂ ಬರುವುದಿಲ್ಲ. "ಮುಂದಿನ ಬುಧವಾರ ಮತ್ತೆ ಇದೆಯಂತೆ, ಈಗ್ಯಾಕೆ ತೊಂದರೆ ಕೊಡೋದು" ಅಂದುಕೊಳ್ಳುತ್ತಾರೆ.

ಬರುವವರಿಗೆ 15ರಿಂದ 21ರ ಒಳಗಿನ ದಿನಗಳನ್ನೇ ಹೇಳಿ. ಮನೆಯವರೇ ಎಲ್ಲರಿಗೂ ಹೇಳುತ್ತ ಕೂರಬಾರದು. ಫೋನ್ ಎತ್ತುವುದಕ್ಕೆ, ಬರಬೇಡಿ ಅನ್ನುವುದಕ್ಕೆ ಹೊರಗಿನ ಒಬ್ಬರು ಬೇಕು: ನಾದಿನಿಯೋ, ಪಕ್ಕದ ಮನೆಯವರೋ, ಆಫೀಸಿನ ಗೆಳತಿಯೋ. ಸ್ವಲ್ಪ ನಿಷ್ಠುರದ ಬಾಯಿ ಇದ್ದವರಾದರೆ ಇನ್ನೂ ಅನುಕೂಲ.

ಡೇ ಕೇರ್ ಮುಂದಿನ ಜಾತ್ರೆ

ಮೊದಲ ಡ್ರಿಪ್‌ನ ಬೆಳಿಗ್ಗೆ ಯಾವ ಆಸ್ಪತ್ರೆಯ ಕಾರಿಡಾರಿಗೆ ಹೋದರೂ ಕಾಣುವುದು ಒಂದೇ ಚಿತ್ರ. ಫೈಲ್ ಹಿಡಿದ ಗಂಡ, ಫ್ಲಾಸ್ಕ್ ಹಿಡಿದ ಅಕ್ಕ, ಟಿಫನ್ ಕ್ಯಾರಿಯರಿನಲ್ಲಿ ಚಿತ್ರಾನ್ನ ತಂದ ಓರಗಿತ್ತಿ, ರಾತ್ರಿ ಬಸ್ಸಿಗೆ ಊರಿಂದ ಬಂದ ಅಣ್ಣ, ಮಠದ ಪ್ರಸಾದ ಕೈಯಲ್ಲಿಟ್ಟುಕೊಂಡ ದೊಡ್ಡಮ್ಮ. ಒಳಗೆ ಬಿಡುವುದು ಒಬ್ಬರನ್ನು. ಉಳಿದವರು ಹೊರಗೆ ಕುರ್ಚಿ ಹಿಡಿದು ಕೂತು, ಮಧ್ಯಾಹ್ನದವರೆಗೆ ಒಬ್ಬರ ಮುಖ ಒಬ್ಬರು ನೋಡುತ್ತ, ಕ್ಯಾಂಟೀನಿನ ಕಾಫಿ ಕುಡಿಯುತ್ತ ಕಾಯುತ್ತಾರೆ. ಒಳಗೆ ತೂಕ, ಎತ್ತರ ನೋಡುತ್ತಾರೆ (ಡೋಸ್ ಅದರ ಮೇಲೆ ನಿಂತಿದೆ), ಹಿಂದಿನ ದಿನದ ಸಿಬಿಸಿ (ರಕ್ತಕಣ ಎಣಿಸುವ ಪರೀಕ್ಷೆ) ನೋಡುತ್ತಾರೆ, ವಾಂತಿಗೆ ಮುಂಚಿತ ಔಷಧಿ ಕೊಡುತ್ತಾರೆ, ಆಮೇಲೆ ಕೆಂಪು ಬಣ್ಣದ ಡಾಕ್ಸೋರುಬಿಸಿನ್, ಆಮೇಲೆ ಇನ್ನೊಂದು ಬಾಟಲಿ. ಹೊರಗೆ ಬಂದ ರೋಗಿ ನಗುತ್ತ, "ಏನೂ ಆಗ್ಲಿಲ್ಲ ಕಣ್ರೀ, ಇಷ್ಟಕ್ಕೆ ಇಷ್ಟು ಹೆದರಿದ್ನಾ" ಅನ್ನುತ್ತಾರೆ. ಎಲ್ಲರಿಗೂ ನಿರಾಳ. ಅಣ್ಣ ಆವತ್ತೇ ರಾತ್ರಿ ಬಸ್ಸಿಗೆ ವಾಪಸ್.

ಆ ನಗುವಿನಲ್ಲಿ ಡೆಕ್ಸಾಮೆಥಸೋನ್ ಪಾಲೂ ಇದೆ. ವಾಂತಿ ತಡೆಯಲು ಕೊಡುವ ಈ ಸ್ಟೀರಾಯ್ಡ್ ಎರಡು ಮೂರು ದಿನ ಮೈಗೆ ಹುರುಪು ಕೊಡುತ್ತದೆ, ಮುಖ ಕೆಂಪಾಗಿಸುತ್ತದೆ, ನಿದ್ದೆ ಕೆಡಿಸುತ್ತದೆ. ಮನೆಯಲ್ಲಿ ನುಂಗುವ ಡೋಸನ್ನು ಬೆಳಿಗ್ಗೆ ತಿಂಡಿಯ ಮೇಲೆ ಕೊಡಬೇಕು ಎನ್ನುವುದು ಇದಕ್ಕೇ; ಸಂಜೆ ಕೊಟ್ಟರೆ ರಾತ್ರಿಯಿಡೀ ಸೂರು ನೋಡುವುದು. ಸಕ್ಕರೆ ಕಾಯಿಲೆ ಇದ್ದರೆ ಈ ದಿನಗಳಲ್ಲಿ ಶುಗರ್ ಜಿಗಿಯುತ್ತದೆ, ಗ್ಲುಕೋಮೀಟರ್ ಹತ್ತಿರವೇ ಇರಲಿ, ಮಾತ್ರೆ ಅಥವಾ ಇನ್ಸುಲಿನ್ ಏರಿಸಬೇಕೇ ಎಂದು ಮೊದಲೇ ಕೇಳಿಕೊಂಡಿರಿ. ಸ್ಟೀರಾಯ್ಡ್ ನಿಂತ ಮಾರನೇ ದಿನ, ಅಂದರೆ 4 ಅಥವಾ 5ನೇ ದಿನ, ನೆಲ ಕುಸಿದ ಹಾಗೆ ಸುಸ್ತು ಬರುತ್ತದೆ. ರಜೆ ಹಾಕಿ ಬರುವ ಅಣ್ಣ ಬರಬೇಕಾದದ್ದು ಆ ದಿನ. ಡ್ರಿಪ್ ದಿನಕ್ಕೆ ಬೇಕಾದದ್ದು ಎರಡೇ ಜನ: ಒಳಗೆ ಒಬ್ಬರು, ಗಾಡಿಗೆ ಒಬ್ಬರು.

ಒಳಗೆ ಕೂರುವವರಿಗೂ ಒಂದು ಕೆಲಸವಿದೆ. ಡಾಕ್ಸೋರುಬಿಸಿನ್ ನರದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಸುಟ್ಟು ಹುಣ್ಣಾಗುತ್ತದೆ. ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ಚುಚ್ಚಿದಂಥ ನೋವು, ಊತ ಅನ್ನಿಸಿದ ಕ್ಷಣವೇ ಸಿಸ್ಟರನ್ನು ಕರೆಯಬೇಕು. "ಬ್ಯುಸಿ ಇದ್ದಾರೆ, ಆಮೇಲೆ ಹೇಳೋಣ" ಎಂದು ಸುಮ್ಮನಿರಬಾರದು. ಕೈಯ ನರ ಸಿಗದವರಿಗೆ ಎದೆಯ ಬಳಿ ಚರ್ಮದಡಿ ಕೀಮೋ ಪೋರ್ಟ್ ಎಂಬ ಪುಟ್ಟ ಡಬ್ಬಿ ಅಥವಾ ತೋಳಿಗೆ ಪಿಕ್ ಲೈನ್ ಎಂಬ ಉದ್ದ ಕೊಳವೆ ಹಾಕುವುದು ಇದೇ ಕಾರಣಕ್ಕೆ. ಪಿಕ್ ಹಾಕಿದರೆ ವಾರಕ್ಕೊಮ್ಮೆ ಡ್ರೆಸಿಂಗ್ ಬದಲಿಸಬೇಕು, ಸ್ನಾನಕ್ಕೆ ತೋಳು ಸುತ್ತಬೇಕು. ಪೋರ್ಟಿಗೆ ಆ ರಗಳೆ ಇಲ್ಲ, ಖರ್ಚು ಹೆಚ್ಚು. ಆಪರೇಷನ್ನಿನಲ್ಲಿ ಕಂಕುಳ ಗಂಟು ತೆಗೆದ ಕಡೆಯ ಕೈಯಲ್ಲಿ ರಕ್ತ ತೆಗೆಯುವುದು, ಬಿಪಿ ನೋಡುವುದು ಆದಷ್ಟೂ ಬೇಡ ಎನ್ನುವುದನ್ನು ಪ್ರತಿ ಸಲ ಹೊಸ ಸಿಸ್ಟರಿಗೆ ಹೇಳಬೇಕಾಗುತ್ತದೆ.

ಮನೆಗೆ ಬಂದ ಮೇಲೆ ಮೂತ್ರ ಕೆಂಪಗೆ ಹೋದರೆ ಗಾಬರಿಯಾಗಬೇಡಿ. ಅದು ರಕ್ತವಲ್ಲ, ಔಷಧಿಯ ಬಣ್ಣ. ಒಂದೆರಡು ದಿನ ಇರುತ್ತದೆ. ಅದಾದ ಮೇಲೂ ಕೆಂಪಾಗಿದ್ದರೆ ಅಥವಾ ಉರಿ ಇದ್ದರೆ ಹೇಳಬೇಕು, ಏಕೆಂದರೆ ಸೈಕ್ಲೋಫಾಸ್ಫಮೈಡ್ ಮೂತ್ರಕೋಶವನ್ನು ಕೆರಳಿಸುತ್ತದೆ. ಎರಡು ದಿನ ಚೆನ್ನಾಗಿ ನೀರು ಕುಡಿಯಬೇಕು, ಮೂತ್ರ ಕಟ್ಟಿಕೊಂಡು ಕೂರಬಾರದು, ಮಲಗುವ ಮುಂಚೆ ಒಮ್ಮೆ, ರಾತ್ರಿ ಒಮ್ಮೆ ಎದ್ದು ಹೋಗಿ ಬರಬೇಕು.

ವಾಂತಿ ಬರುವ ಮೊದಲೇ

ಎಸಿಯ ವಾಂತಿ ಎರಡು ಕಂತಿನಲ್ಲಿ ಬರುತ್ತದೆ. ಮೊದಲ ದಿನದ್ದನ್ನು ಡೇ ಕೇರಿನ ಇಂಜೆಕ್ಷನ್ ನೋಡಿಕೊಳ್ಳುತ್ತದೆ. ಎರಡನೆಯದು 2ರಿಂದ 5ನೇ ದಿನದೊಳಗೆ ಮನೆಯಲ್ಲಿ ಬರುತ್ತದೆ. ಅದಕ್ಕೆ ಬರೆದುಕೊಟ್ಟ ಮಾತ್ರೆಗಳನ್ನು ವಾಂತಿ ಬಂದ ಮೇಲೆ ನುಂಗುವುದೇ ದೊಡ್ಡ ತಪ್ಪು. "ಈಗ ಚೆನ್ನಾಗೇ ಇದೀನಿ, ಮಾತ್ರೆ ಯಾಕೆ" ಎಂದು ಬಿಟ್ಟವರು ಮೂರನೇ ದಿನ ಬಕೆಟ್ ಹಿಡಿದು ಕೂರುತ್ತಾರೆ. ಅಪ್ರೆಪಿಟಂಟ್ ಮೂರು ಕ್ಯಾಪ್ಸೂಲಿನ ಕಿಟ್ ಆಗಿ ಸಿಗುತ್ತದೆ: ಮೊದಲ ದಿನ ಡ್ರಿಪ್‌ಗೆ ಒಂದು ಗಂಟೆ ಮುಂಚೆ 125 ಮಿಲಿಗ್ರಾಂ, ಆಮೇಲಿನ ಎರಡು ದಿನ 80, 80. ಅದು ಬರೀ ವಾಂತಿ ಮಾತ್ರೆ ಎಂದು ಮನೆಯಲ್ಲೇ ಮರೆತು ಹೋದರೆ ಮೊದಲ ಡೋಸ್ ತಪ್ಪಿದಂತೆಯೇ.

ಇನ್ನು ಒಲಾಂಜಪೈನ್ ಪ್ರಸಂಗ. ರಾತ್ರಿ 5 ಅಥವಾ 10 ಮಿಲಿಗ್ರಾಂ, ಮೊದಲ ನಾಲ್ಕು ರಾತ್ರಿ. ಓಕರಿಕೆಗೆ ಇದರಷ್ಟು ಚೆನ್ನಾಗಿ ಕೆಲಸ ಮಾಡುವ ಅಗ್ಗದ ಮಾತ್ರೆ ಇನ್ನೊಂದಿಲ್ಲ. ಆದರೆ ಮನೆಯ ಯಾರೋ ಓದಿದ ಹುಡುಗ ಗೂಗಲ್ ಮಾಡಿ, "ಇದು ಮಾನಸಿಕ ಕಾಯಿಲೆಯ ಮಾತ್ರೆ, ಅತ್ತೆಗೆ ಯಾಕೆ ಬರೆದಿದ್ದಾರೆ" ಎಂದು ನಿಲ್ಲಿಸಿಬಿಡುತ್ತಾನೆ. ಆ ಕಾಯಿಲೆಗೂ ಅದನ್ನು ಕೊಡುತ್ತಾರೆ, ನಿಜ. ಇಲ್ಲಿ ಕೊಡುವುದು ಓಕರಿಕೆಗೆ. ಮಂಪರು ಬರುತ್ತದೆ, ರಾತ್ರಿ ಬಚ್ಚಲಿಗೆ ಏಳುವಾಗ ಒಬ್ಬರು ಕೈ ಹಿಡಿಯಬೇಕು, ಅಷ್ಟೇ. ಓಂಡನ್‌ಸೆಟ್ರಾನ್ ಮಾತ್ರೆಗೆ ಮಲಬದ್ಧತೆ ಗ್ಯಾರಂಟಿ. ಮೂರು ದಿನ ಹೋಗದೆ ಒದ್ದಾಡುವುದಕ್ಕಿಂತ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ಕೇಳಿ ಬರೆಸಿಕೊಳ್ಳಿ. ಕೌಂಟ್ ಬಿದ್ದಾಗ ಎನಿಮಾ, ಸಪೊಸಿಟರಿ (ಗುದದಲ್ಲಿಡುವ ಮಾತ್ರೆ) ಮಾಡುವ ಹಾಗಿಲ್ಲ.

ಒಗ್ಗರಣೆ ವಾಸನೆ

ಈ ದಿನಗಳಲ್ಲಿ ಅಡುಗೆಮನೆಯೇ ವೈರಿ. ಒಗ್ಗರಣೆಯ ಇಂಗು, ಹುರಿಯುವ ಈರುಳ್ಳಿ, ಉಕ್ಕುವ ಹಾಲು, ಕುಕ್ಕರಿನ ಆವಿ ಯಾವುದೂ ಆಗುವುದಿಲ್ಲ. ಇದಕ್ಕೆ ಸರಿಯಾದ ಸಹಾಯವೆಂದರೆ 2ರಿಂದ 6ನೇ ದಿನದವರೆಗೆ ಆ ಮನೆಯ ಒಲೆ ಆರಿಸುವುದು. ಪಕ್ಕದ ಮನೆಯಲ್ಲಿ ಸಾರು ಕುದಿಸಿ, ಡಬ್ಬಿಯಲ್ಲಿ ತಂದು ಕೊಡುವುದು. ಐದು ದಿನಕ್ಕೆ ಐದು ಮನೆ ಸಿಕ್ಕರೆ ಮುಗಿಯಿತು. ಆದರೆ ಐದೂ ಮನೆಯವರು ಒಂದೇ ದಿನ ಬಿಸಿಬೇಳೆಬಾತ್ ತರುತ್ತಾರೆ. ಉಳಿದದ್ದು ಫ್ರಿಡ್ಜ್ ಸೇರಿ, ಮಾರನೇ ದಿನ ಬಿಸಿಯಾಗಿ, ರೋಗಿಯ ತಟ್ಟೆಗೇ ಬರುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ದಿನದ ಅಂಕಿ ಹಾಕಿ ಹೆಸರು ಬರೆಸುವುದು ಇದಕ್ಕೇ.

ಏನು ಒಳಗೆ ಹೋಗುತ್ತದೆ? ಬಿಸಿಗಿಂತ ತಣ್ಣಗಿನದು, ಏಕೆಂದರೆ ಆವಿ ಇಲ್ಲದ್ದಕ್ಕೆ ವಾಸನೆ ಕಮ್ಮಿ. ಆರಿದ ರಾಗಿ ಗಂಜಿಗೆ ಮಜ್ಜಿಗೆ, ಮೊಸರನ್ನ, ಇಡ್ಲಿ, ಒಣ ಅವಲಕ್ಕಿ, ಗಟ್ಟಿ ಬೇಯಿಸಿದ ಮೊಟ್ಟೆ. ಮೂರು ಊಟದ ಬದಲು ಎರಡು ಗಂಟೆಗೊಮ್ಮೆ ಒಂದು ಹಿಡಿ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಬಂದರೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ಕಿನದೋ ಮರದ್ದೋ ಕೊಡಿ, ನಿಂಬೆಹಣ್ಣು ಹಿಂಡಿ. ಬಾಯಿ ಹುಣ್ಣಾದ ಮೇಲೆ ನಿಂಬೆ, ಖಾರ ಎರಡೂ ಬಂದ್. ಹುಣ್ಣಿಗೆ ಮುಂಚೆಯೇ ಒಂದು ಲೋಟ ಉಗುರು ಬೆಚ್ಚನೆ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಬೇಕು. ಅಂಗಡಿಯ ಖಾರದ ಮೌತ್‌ವಾಶ್ ಬೇಡ, ಅದರ ಆಲ್ಕೋಹಾಲ್ ಬಾಯಿ ಇನ್ನಷ್ಟು ಒಣಗಿಸುತ್ತದೆ.

ಹಸಿ ತರಕಾರಿ, ಹಣ್ಣು ಯಾವುದನ್ನೂ ಮುಟ್ಟಲೇಬಾರದು ಎಂಬ ಹಳೆಯ ಕಟ್ಟುನಿಟ್ಟಿನಿಂದ ಸೋಂಕು ಕಮ್ಮಿಯಾಗುತ್ತದೆ ಎನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ಶುಚಿ ಮುಖ್ಯ. ಬಾಳೆ, ಕಿತ್ತಳೆಯಂಥ ಸಿಪ್ಪೆ ಸುಲಿಯುವ ಹಣ್ಣು ಧಾರಾಳವಾಗಿ ಕೊಡಬಹುದು. ರಸ್ತೆ ಬದಿಯ ಕತ್ತರಿಸಿದ ಪಪ್ಪಾಯಿ, ಕಬ್ಬಿನ ಹಾಲು, ಪಾನಿಪೂರಿ, ಗೋಬಿ ಮಂಚೂರಿಯ ಮೇಲಿನ ಹಸಿ ಈರುಳ್ಳಿ, ಹಸಿ ಮೊಳಕೆ ಕಾಳು ಬೇಡ. ಹಬ್ಬದ ದಿನ ಕಷ್ಟ. ಕೋಸಂಬರಿಯ ಹೆಸರುಬೇಳೆಯನ್ನು ಹಬೆಯಲ್ಲಿ ಬೇಯಿಸಿಬಿಡಬಹುದು. ಕಾಯಿಸದ ಹಾಲಿನ ಪಂಚಾಮೃತ, ಹತ್ತು ಜನರ ಕೈ ಬಿದ್ದ ತೀರ್ಥಕ್ಕೆ ಬೇಡ ಅನ್ನುವುದು ಹೇಗೆ? ಅಜ್ಜಿಯರೇ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ: ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರೆ ಆಯಿತು, ಕುಡಿಯಲೇಬೇಕು ಅಂತ ದೇವರು ಹೇಳಿಲ್ಲ.

ಇಷ್ಟೆಲ್ಲ ಎಚ್ಚರದ ನಡುವೆ ಹಿತ್ತಲ ಬಾಗಿಲಿಂದ ಬರುವುದು ನಾಟಿ ಔಷಧಿ. ಲಕ್ಷ್ಮಣ ಫಲದ ಎಲೆಯ ಕಷಾಯ, ಅಮೃತಬಳ್ಳಿ ರಸ, ಅರಿಶಿನದ ಕ್ಯಾಪ್ಸೂಲು, ಮಲೆನಾಡಿನ ಯಾವುದೋ ತೊಗಟೆ. ತಂದವರು ಪ್ರೀತಿಯಿಂದಲೇ ತಂದಿರುತ್ತಾರೆ. ಆದರೆ ಕೀಮೋ ಔಷಧಿಗಳ ದೊಡ್ಡ ಪಾಲನ್ನು ಕರಗಿಸುವುದು ಲಿವರ್. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳು ಭಾರತದಲ್ಲೇ ವರದಿಯಾಗಿವೆ. ಎಲ್‌ಎಫ್‌ಟಿ, ಅಂದರೆ ಲಿವರ್ ಪರೀಕ್ಷೆಯ, ಅಂಕಿ ಏರಿದರೆ ಸೈಕಲ್ ಮುಂದಕ್ಕೆ ಹೋಗುತ್ತದೆ. ಕಾರಣ ಹುಡುಕುವ ಡಾಕ್ಟರಿಗೆ ಕಷಾಯದ ಸುದ್ದಿ ಯಾರೂ ಹೇಳುವುದಿಲ್ಲ. ಸಾರಿಗೆ ಹಾಕುವ ಅರಿಶಿನದಿಂದ ಏನೂ ಆಗುವುದಿಲ್ಲ. ಚಮಚಗಟ್ಟಲೆ ನುಂಗುವುದು ಬೇರೆ ಮಾತು. ಕೊಟ್ಟವರ ಮನಸ್ಸು ನೋಯಿಸಲಾರದಿದ್ದರೆ ಇಸಿದುಕೊಂಡು ಗಿಡದ ಬುಡಕ್ಕೆ ಹಾಕಿ ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

ಹನ್ನೊಂದನೇ ರಾತ್ರಿ

ಬುಧವಾರದ ಡ್ರಿಪ್‌ಗೆ 11ನೇ ದಿನ ಬರುವುದು ಶನಿವಾರ. ರಾತ್ರಿ ಹತ್ತಕ್ಕೆ ರೋಗಿ ಹೊದ್ದು ಮಲಗಿ, "ಸ್ವಲ್ಪ ಚಳಿ ಅನ್ನಿಸ್ತಿದೆ" ಅನ್ನುತ್ತಾರೆ. ಹಣೆ ಮುಟ್ಟಿದ ಗಂಡ, "ಅಷ್ಟೇನಿಲ್ಲ" ಅನ್ನುತ್ತಾರೆ. ಥರ್ಮಾಮೀಟರ್ ಹುಡುಕಲು ಹತ್ತು ನಿಮಿಷ, ಅದರ ಸೆಲ್ ಮುಗಿದಿದೆ ಎಂದು ಗೊತ್ತಾಗಲು ಇನ್ನೈದು. ಅತ್ತೆ ಒಂದು ಪ್ಯಾರಾಸಿಟಮಾಲ್ ಕೊಡಿ ಅನ್ನುತ್ತಾರೆ. ಕೊಟ್ಟರೆ ಅರ್ಧ ಗಂಟೆಗೆ ಬೆವರಿ ಜ್ವರ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ, "ಭಾನುವಾರ ಯಾರೂ ಡಾಕ್ಟರ್ ಇರಲ್ಲ, ಸೋಮವಾರ ಹೋದರಾಯ್ತು" ಎಂಬ ತೀರ್ಮಾನ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬಿಪಿ ಬಿದ್ದು, ಕಣ್ಣು ತೇಲಿಸಿ, ಆಂಬ್ಯುಲೆನ್ಸ್. ಈ ನಾಟಕ ಬೇರೆ ಬೇರೆ ಮನೆಗಳಲ್ಲಿ ಇದೇ ಸಂಭಾಷಣೆಯೊಂದಿಗೆ ನಡೆಯುತ್ತಲೇ ಇರುತ್ತದೆ.

ಎಸಿಯಲ್ಲಿ ಬಿಳಿ ರಕ್ತಕಣ, ಅದರಲ್ಲೂ ನ್ಯೂಟ್ರೋಫಿಲ್, 10ರಿಂದ 14ನೇ ದಿನದ ಆಸುಪಾಸಿನಲ್ಲಿ ತಳ ಮುಟ್ಟುತ್ತದೆ. ಸೋಂಕಿನ ವಿರುದ್ಧ ಕೀವು ಕಟ್ಟುವುದು, ಊದುವುದು, ಕೆಂಪಾಗುವುದು ಎಲ್ಲ ಆ ಕಣಗಳ ಕೆಲಸ. ಅವೇ ಇಲ್ಲದಾಗ ಜ್ವರವೊಂದೇ ಸುಳಿವು. ಕೆಮ್ಮಿಲ್ಲ, ಗಂಟಲು ನೋವಿಲ್ಲ, ಬರೀ ಜ್ವರ ಎಂದರೆ ಸಣ್ಣದು ಅಂತ ಅರ್ಥವಲ್ಲ. 100.4 ಫ್ಯಾರನ್‌ಹೀಟ್ ಗೆರೆ ದಾಟಿದರೆ ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ನರದ ಮೂಲಕ ಆಂಟಿಬಯೋಟಿಕ್ ಹೋಗಬೇಕು ಎನ್ನುವುದು ಎಲ್ಲ ಕಡೆ ಒಪ್ಪಿರುವ ಗುರಿ. ಆಸ್ಪತ್ರೆಯವರು ಹೇಳುವ ಮುಂಚೆ ಪ್ಯಾರಾಸಿಟಮಾಲ್ ಕೊಡಬೇಡಿ ಅನ್ನುವುದು ಜ್ವರ ಮುಚ್ಚಿಹೋಗುತ್ತದೆ ಎಂಬ ಕಾರಣಕ್ಕೆ. ಬಿಸಿ ಕಾಫಿ ಕುಡಿದು ಕಾಲು ಗಂಟೆ ಬಿಟ್ಟು ನಾಲಿಗೆ ಕೆಳಗೆ ಥರ್ಮಾಮೀಟರ್ ಇಡಿ. ಕಂಕುಳಲ್ಲಿ ಇಟ್ಟರೆ ಕಮ್ಮಿ ತೋರಿಸುತ್ತದೆ.

ಸಿಬಿಸಿ ರಿಪೋರ್ಟ್ ಕೈಗೆ ಬಂದಾಗ ಎಲ್ಲರೂ ನೋಡುವುದು ಒಟ್ಟು ಬಿಳಿ ಕಣದ ಅಂಕಿ. ಲೆಕ್ಕ ಹಾಕಬೇಕಾದ್ದು ನ್ಯೂಟ್ರೋಫಿಲ್ಲಿನ ನಿಜವಾದ ಸಂಖ್ಯೆ, ಅಂದರೆ ಎಎನ್‌ಸಿ: ಒಟ್ಟು ಕಣವನ್ನು ನ್ಯೂಟ್ರೋಫಿಲ್ ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಿ. ಒಟ್ಟು 2,400, ನ್ಯೂಟ್ರೋಫಿಲ್ 30 ಆದರೆ ಎಎನ್‌ಸಿ 720. 500ಕ್ಕಿಂತ ಕೆಳಗೆ ಹೋದರೆ ತೀರಾ ಎಚ್ಚರ. ಮುಂದಿನ ಸೈಕಲ್ಲಿಗೆ ಸಾಮಾನ್ಯವಾಗಿ 1,500 ಮತ್ತು ಪ್ಲೇಟ್‌ಲೆಟ್ ಒಂದು ಲಕ್ಷ ಕೇಳುತ್ತಾರೆ. "ಕೌಂಟ್ ಬರಲಿಲ್ಲ" ಎಂದು ವಾಪಸ್ ಕಳಿಸಿದರೆ ರೋಗಿ ತಾನೇ ಸರಿಯಾಗಿ ತಿನ್ನಲಿಲ್ಲ ಎಂದು ಕೊರಗುತ್ತಾರೆ, ಮನೆಯವರೂ "ದಾಳಿಂಬೆ ತಿನ್ನು ಅಂದ್ರೆ ತಿನ್ನಲಿಲ್ಲ" ಎಂದು ಬೈಯುತ್ತಾರೆ. ರಕ್ತಕಣ ಹುಟ್ಟಿಸುವ ಮೂಳೆಯೊಳಗಿನ ಮಜ್ಜೆ ಚೇತರಿಸಿಕೊಳ್ಳಲು ಅದರದೇ ಸಮಯ ಬೇಕು, ದಾಳಿಂಬೆ ಪಾಪ ಅದಕ್ಕೇನು ಮಾಡುತ್ತದೆ. ಕೌಂಟ್ ಏರಿಸುವ ಇಂಜೆಕ್ಷನ್, ಪೆಗ್‌ಫಿಲ್‌ಗ್ರಾಸ್ಟಿಮ್ 6 ಮಿಲಿಗ್ರಾಂ, ಕೀಮೋ ಮುಗಿದು 24 ಗಂಟೆಯಾದ ಮೇಲೆಯೇ ಹಾಕಬೇಕು. ಊರಿಗೆ ಒಯ್ದು ಅಲ್ಲಿಯ ನರ್ಸ್ ಕೈಯಲ್ಲಿ ಹಾಕಿಸುವವರು ಐಸ್ ಪ್ಯಾಕ್ ಜೊತೆ ಒಯ್ಯಬೇಕು, ಐಸಿಗೆ ನೇರ ತಾಗಿ ಹೆಪ್ಪುಗಟ್ಟಬಾರದು, ಇಡಬೇಕಾದ್ದು 2ರಿಂದ 8 ಡಿಗ್ರಿ. ಒಂದೆರಡು ದಿನ ಸೊಂಟ, ಬೆನ್ನು, ತೊಡೆಯ ಮೂಳೆ ನುಲಿಯುವ ನೋವು ಬರುತ್ತದೆ, ಮಜ್ಜೆ ಕೆಲಸಕ್ಕೆ ಇಳಿದ ಗುರುತು ಅದು.

ಗೆಳೆಯರಿಗೆ ಕೊಡಬೇಕಾದ ನಿಜವಾದ ಕೆಲಸ ಇಲ್ಲಿದೆ. 8ರಿಂದ 14ನೇ ದಿನದವರೆಗೆ ರಾತ್ರಿ ಫೋನ್ ಸೈಲೆಂಟ್ ಮಾಡದೆ, ಗಾಡಿಗೆ ಪೆಟ್ರೋಲ್ ಇಟ್ಟುಕೊಂಡು ಇರುವವರು ಒಬ್ಬರು. ಏಳು ರಾತ್ರಿಗೆ ಇಬ್ಬರು ಹಂಚಿಕೊಂಡರೂ ಆಯಿತು. ಬಾಗಿಲ ಹಿಂದೆ ಒಂದು ಚೀಲ ನೇತುಹಾಕಿ: ಫೈಲ್, ಆಧಾರ್, ಒಂದು ಜೊತೆ ಬಟ್ಟೆ, ಚಾರ್ಜರ್, ಸ್ವಲ್ಪ ನಗದು. ಫೈಲಿನ ಮೇಲ್ಭಾಗದಲ್ಲಿ ಒಂದೇ ಪುಟ: ಯಾವ ಕಾಯಿಲೆ, ಯಾವ ಔಷಧಿ, ಕೊನೆಯ ಡ್ರಿಪ್ ದಿನಾಂಕ, ಪೋರ್ಟ್ ಇದೆಯೇ, ಯಾವ ಮಾತ್ರೆಗೆ ಅಲರ್ಜಿ, ಡಾಕ್ಟರ ನಂಬರ್. ದೂರದ ತಾಲ್ಲೂಕಿನ ನರ್ಸಿಂಗ್ ಹೋಮಿಗೆ ಓಡಿದಾಗ ಅಲ್ಲಿಯ ಡ್ಯೂಟಿ ಡಾಕ್ಟರಿಗೆ ಈ ಪುಟವೇ ದಿಕ್ಕು. ಇಲ್ಲದಿದ್ದರೆ "ವೈರಲ್ ಇರಬೇಕು" ಎಂದು ಮಾತ್ರೆ ಕೊಟ್ಟು ಕಳಿಸುತ್ತಾರೆ.

ಕಾಯಿಲೆಯ ಹೆಸರನ್ನೇ ರೋಗಿಯಿಂದ ಮುಚ್ಚಿಡುವ ಮನೆಗಳಲ್ಲಿ ಈ ರಾತ್ರಿ ಇನ್ನೂ ಕೆಟ್ಟದು. "ಅಮ್ಮನಿಗೆ ಹೇಳಬೇಡಿ, ಕುಸಿದು ಹೋಗ್ತಾರೆ" ಎಂದು ಮಕ್ಕಳು ಡಾಕ್ಟರ ಕೋಣೆಯ ಹೊರಗೇ ಕೈ ಮುಗಿಯುತ್ತಾರೆ. ತನಗೆ ಕೊಡುತ್ತಿರುವುದು "ಶಕ್ತಿ ಇಂಜೆಕ್ಷನ್" ಎಂದು ನಂಬಿದ ಅಮ್ಮ, ಚಳಿ ಬಂದಾಗ ಮಕ್ಕಳ ನಿದ್ದೆ ಕೆಡಿಸುವುದು ಯಾಕೆಂದು ಇನ್ನೊಂದು ಕಂಬಳಿ ಹೊದ್ದು ಬೆಳಗು ಮಾಡುತ್ತಾರೆ.

ಬೇರೆ ತಟ್ಟೆ, ಎರಡು ಸಲ ಫ್ಲಶ್

ಎರಡು ಸಂಗತಿಗಳನ್ನು ಜನ ಅದಲುಬದಲು ಮಾಡಿಕೊಳ್ಳುತ್ತಾರೆ. ಕ್ಯಾನ್ಸರ್ ಅಂಟುವುದಿಲ್ಲ; ತಟ್ಟೆ ಲೋಟ ಬೇರೆ ಮಾಡುವುದು, ಮೊಮ್ಮಗುವನ್ನು ದೂರ ಇಡುವುದು ಬರೀ ಕ್ರೌರ್ಯ. ಮಗುವಿಗೆ ಜ್ವರ, ನೆಗಡಿ, ಚಿಕನ್‌ಪಾಕ್ಸ್ ಇದ್ದಾಗ ಮಾತ್ರ ದೂರ, ಅದೂ ಅಜ್ಜಿಯ ರಕ್ಷಣೆಗೆ. ಆದರೆ ಡ್ರಿಪ್ ಆದ 48 ಗಂಟೆ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶ ಹೋಗುತ್ತದೆ. ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ, ಕೊಳೆಯಾದ ಬಟ್ಟೆ ಬೇರೆ ಒಗೆಯಿರಿ, ವಾಂತಿ ಬಕೆಟ್ ತೊಳೆಯುವವರು ಗ್ಲೌಸ್ ಹಾಕಿಕೊಳ್ಳಲಿ. ಬಸುರಿ ಸೊಸೆಗೆ ಆ ಕೆಲಸ ಬೇಡವೇ ಬೇಡ. ಮನೆಗೆಲಸದವರಿಗೆ ಏನೂ ಹೇಳದೆ ಬರಿಗೈಯಲ್ಲಿ ತೊಳೆಸುವ ಮನೆಗಳಿವೆ. ಇದು ಹೇಳಲೇಬೇಕಾದ ಮಾತು.

ಮೊದಲ ಡೋಸಿನ ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ. ನೆತ್ತಿ ಮುಟ್ಟಿದರೆ ನೋಯುವುದು ಅದರ ಮುನ್ಸೂಚನೆ. ದಿಂಬಿನ ಮೇಲೆ ಹಿಡಿ ಹಿಡಿಯಾಗಿ ನೋಡುವುದಕ್ಕಿಂತ ಮೊದಲೇ ಟ್ರಿಮ್ಮರಿನಿಂದ ಗಿಡ್ಡ ಮಾಡಿಸಿಕೊಳ್ಳುವುದು ಮೇಲು. ಕೌಂಟ್ ಕಮ್ಮಿಯಿರುವಾಗ ಬ್ಲೇಡ್ ಬೇಡ, ಗಾಯವಾದರೆ ಸೋಂಕು. ನಮ್ಮಲ್ಲಿ ಬೋಳು ತಲೆಯ ಹೆಂಗಸಿಗೆ ಒಂದು ತಯಾರಾದ ಉತ್ತರವಿದೆ: "ತಿರುಪತಿಗೆ ಹೋಗಿದ್ದೆ." ಆ ಒಂದು ಸುಳ್ಳು ಎಷ್ಟು ಜನರನ್ನು ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕಾಪಾಡಿದೆಯೋ ಆ ತಿಮ್ಮಪ್ಪನಿಗೇ ಗೊತ್ತು. ಹುಬ್ಬು, ರೆಪ್ಪೆ ಉದುರಿದ ಮೇಲೆ ಆ ಉತ್ತರವೂ ನಡೆಯುವುದಿಲ್ಲ.

ದುಡ್ಡಿನ ಮಾತು ಚಿಕ್ಕದಾಗಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜಿನ ಶೇಕಡಾ 30ರಷ್ಟು, 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ರೆಫರಲ್ ಕಾಗದ ಮೊದಲೇ ಮಾಡಿಸಿ, ಡ್ರಿಪ್ ದಿನ ಬೆಳಿಗ್ಗೆ ಅಲ್ಲ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿ ಉಚಿತ, ಜೊತೆಗಾರರಿಗೆ ಶೇಕಡಾ 75 ರಿಯಾಯಿತಿ, ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಬೀದರ್, ರಾಯಚೂರಿನಿಂದ ಬೆಂಗಳೂರಿಗೆ 16 ಸಲ ಬಂದು ಹೋಗುವವರಿಗೆ ಇದು ಸಣ್ಣ ಮೊತ್ತವಲ್ಲ. ಗೆಳೆಯರ ಗುಂಪಿನಲ್ಲಿ ಕಾಗದಪತ್ರಕ್ಕೆ ಓಡಾಡುವ ಒಬ್ಬರು ಇದ್ದರೆ, ಹತ್ತು ಹಾರ್ಲಿಕ್ಸ್ ಬಾಟಲಿಗಿಂತ ಮೇಲು.

ವಾರಕ್ಕೊಮ್ಮೆಯ ಹನ್ನೆರಡು

ನಾಲ್ಕನೇ ಎಸಿ ಮುಗಿದಾಗ ಎಲ್ಲರೂ "ಅರ್ಧ ಮುಗೀತು, ಕಷ್ಟದ್ದು ಮುಗೀತು" ಅನ್ನುತ್ತಾರೆ. ಸುಳ್ಳೇನಲ್ಲ. ವಾರದ ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ವಾಂತಿ ಕಮ್ಮಿ, ಕೌಂಟ್ ಅಷ್ಟು ತಳ ಮುಟ್ಟುವುದಿಲ್ಲ. ಸಹಾಯದ ಗ್ರೂಪ್ ತಣ್ಣಗಾಗುವುದೂ ಆಗಲೇ. ಆದರೆ 84 ದಿನದಲ್ಲಿ ನಾಲ್ಕು ಸಲ ಹೋಗುತ್ತಿದ್ದ ಆಸ್ಪತ್ರೆಗೆ ಇನ್ನು 84 ದಿನದಲ್ಲಿ ಹನ್ನೆರಡು ಸಲ. ಗಂಡನ ರಜೆ ಮುಗಿದಿರುತ್ತದೆ. ಹಾಗಾಗಿ ಮೊದಲ ಅರ್ಧಕ್ಕೆ ಬೇಕಿದ್ದದ್ದು ಅಡುಗೆ, ರಾತ್ರಿ ಕಾವಲು. ಎರಡನೇ ಅರ್ಧಕ್ಕೆ ಬೇಕಾದ್ದು ಡ್ರೈವರು. ಈ ಔಷಧಿಯಲ್ಲಿ ಆಲ್ಕೋಹಾಲ್ ಅಂಶವಿದೆ, ಅಲರ್ಜಿ ತಡೆಯಲು ಕೊಡುವ ಇಂಜೆಕ್ಷನ್ ತೂಕಡಿಕೆ ತರುತ್ತದೆ, ಆದ್ದರಿಂದ ತಾವೇ ಸ್ಕೂಟರ್ ಓಡಿಸಿಕೊಂಡು ಬರುವ ಧೈರ್ಯ ಬೇಡ. ಮೊದಲೆರಡು ಡೋಸಿನ ಮೊದಲ ಹತ್ತು ನಿಮಿಷ ಎದೆ ಬಿಗಿತ, ಮುಖ ಕೆಂಪಾಗುವುದು, ಉಸಿರುಗಟ್ಟುವುದು ಏನಾದರೂ ಆದರೆ ತಕ್ಷಣ ಕೂಗಬೇಕು.

ಪ್ಯಾಕ್ಲಿಟ್ಯಾಕ್ಸೆಲ್‌ನ ಸುಂಕ ಬೆರಳ ತುದಿಯಲ್ಲಿ ವಸೂಲಾಗುತ್ತದೆ. ಐದಾರು ವಾರಕ್ಕೆ ಜುಮ್ಮೆನ್ನುವುದು, ಆಮೇಲೆ ಮರಗಟ್ಟುವುದು. ರವಿಕೆಯ ಹುಕ್ಕು ಹಾಕಲಾಗುವುದಿಲ್ಲ, ಕಾಲಿಂದ ಹವಾಯಿ ಚಪ್ಪಲಿ ಕಳಚಿದ್ದು ಗೊತ್ತಾಗುವುದಿಲ್ಲ, ಕಾದ ತವೆ ಮುಟ್ಟಿದ್ದು ಸುಟ್ಟ ಮೇಲೆ ತಿಳಿಯುತ್ತದೆ. ಇದನ್ನು ಡಾಕ್ಟರಿಗೆ ಪ್ರತಿ ವಾರ ಹೇಳಬೇಕು, ಏಕೆಂದರೆ ಡೋಸ್ ಇಳಿಸುವ, ನಿಲ್ಲಿಸುವ ತೀರ್ಮಾನ ಇದರ ಮೇಲೆ ನಿಂತಿದೆ. "ಹೇಳಿದರೆ ನಿಲ್ಲಿಸಿಬಿಡ್ತಾರೆ" ಎಂದು ಮುಚ್ಚಿಡುವವರೇ ಹೆಚ್ಚು. ಕೆಲವು ಕಡೆ ಡ್ರಿಪ್ ಹೊತ್ತಿನಲ್ಲಿ ಕೈಕಾಲಿಗೆ ಐಸ್ ಗವಸು ಹಾಕುತ್ತಾರೆ, ಕೇಳಿ ನೋಡಬಹುದು. ಮನೆಯಲ್ಲಿ ಹಿಂಬದಿ ಪಟ್ಟಿಯಿರುವ ಚಪ್ಪಲಿ, ಹುಕ್ಕಿನ ಬದಲು ನೈಟಿ, ಬಚ್ಚಲಿಗೆ ಜಾರದ ಮ್ಯಾಟು, ಒಲೆಯ ಕೆಲಸ ಬೇರೆಯವರಿಗೆ.

ಹದಿನಾರನೆಯದು ಮುಗಿದ ದಿನ ಸಿಹಿ ಹಂಚುತ್ತಾರೆ, ಸ್ಟೇಟಸ್ ಹಾಕುತ್ತಾರೆ, ಗ್ರೂಪಿನಿಂದ ಒಬ್ಬೊಬ್ಬರೇ ಹೊರಗೆ ಹೋಗುತ್ತಾರೆ. ಕ್ಯಾಲೆಂಡರಿನಲ್ಲಿ ಮುಂದಿನ ಅಂಕಿ ಬರೆಯುವುದನ್ನು ನಿಲ್ಲಿಸಬೇಡಿ. ಕೊನೆಯ ಡೋಸಿನ ಕೌಂಟೂ ಬೀಳುತ್ತದೆ, ಜ್ವರದ ನಿಯಮ ಇನ್ನೂ ಕೆಲವು ವಾರ ಅದೇ. ಮುಂದೆ ರೇಡಿಯೇಷನ್ ಇದ್ದರೆ ವಾರಕ್ಕೆ ಐದು ದಿನ ಓಡಾಟ, ಮತ್ತೆ ಡ್ರೈವರ್ ಬೇಕು. ಪೋರ್ಟ್ ತೆಗೆಯುವವರೆಗೆ ಆಗಾಗ ಹೋಗಿ ಅದನ್ನು ಫ್ಲಶ್ ಮಾಡಿಸಬೇಕು (ಒಳಗೆ ದ್ರವ ಹಾಯಿಸಿ ತೊಳೆಸಬೇಕು). ಬೆರಳ ಮರಗಟ್ಟುವಿಕೆ ಕೆಲವರಿಗೆ ಆರು ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಎಳೆ ಎಳೆಯುವಾಗ ಪುಡಿ ಇನ್ನೂ ಬೆರಳ ಸಂದಿಯಲ್ಲಿ ಸೋರಿ ಗೆರೆ ದಪ್ಪವಾಗುತ್ತಿದ್ದರೆ, ರವಿಕೆಯ ಹುಕ್ಕಿಗೂ ಇನ್ನೊಬ್ಬರ ಕೈ ಬೇಕು ಅಂತಲೇ ಲೆಕ್ಕ.